ಬೀಳದ ಗೋಡೆಗಳ ಕಂಪನಿ

ಹುಬ್ಬಳ್ಳಿ, ೩೦ ಫೆಬ್ರವರಿ ೨೨೧೪

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಬಸಲಿಂಗವ್ವ ಹಾದಿಮನಿ ಮಾಡುವ ನಮಸ್ಕಾರ.

ಮೇಲಿನ ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ಹೆಸರಿಲ್ಲದೆ ಬರುತ್ತವೆ. ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಏಳನೆಯ ತರಗತಿ ಓದಿದವಳು, ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ.

ನಮ್ಮದು ತುರ್ತು ಗುತ್ತಿಗೆ ಕಂಪನಿ. ನೀವು ಮೂರು ಅಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ ನಮ್ಮವರು ಹನ್ನೊಂದು ಏರಿಸಿದ್ದಾರೆ. ಗೋಡೆ ಕುಸಿದರೆ ಕರೆ ಬರುತ್ತದೆ. ಅರ್ಧ ಗಂಟೆಯೊಳಗೆ ಹೋಗಿ, ಜನರನ್ನು ಹೊರತೆಗೆದು, ನಿಂತಿರುವ ಭಾಗಕ್ಕೆ ಆಸರೆಗಂಬ ಕೊಡಬೇಕು. ಒಂದೊಂದು ಕಂಪನಿಗೆ ಇಷ್ಟು ಓಣಿ ಎಂದು ನೋಂದಣಿ ಕಚೇರಿಯವರು ಹದ್ದು ಹಾಕಿಕೊಟ್ಟಿದ್ದಾರೆ. ಕರೆ ಇಲ್ಲದ ದಿನ ಬೇರೆ ಕಂಪನಿಯವರು ಚಹಾ ಕುಡಿಯುತ್ತ ಕಾಯುತ್ತಾರೆ. ನನ್ನ ಯಜಮಾನರು ಫಕ್ಕೀರೇಶಪ್ಪ ಕೂತವರಲ್ಲ. ಗೋಡೆಗಿವಿ ಹಿಡಿದು ಓಣಿ ಓಣಿ ಸುತ್ತುತ್ತಿದ್ದರು. ಅದು ತಟ್ಟೆಯಷ್ಟಗಲದ ಯಂತ್ರ. ಗೋಡೆಗೆ ಒತ್ತಿದರೆ ಒಳಗೆ ಬಿರುಕು ಬೆಳೆಯುವ ಸದ್ದು ಹಪ್ಪಳ ಮುರಿದಂತೆ ಕೇಳುತ್ತದೆ. ಕೇಳಿದಲ್ಲಿ ಬೀಳುವ ಮೊದಲೇ ಕಂಬ ನಿಲ್ಲಿಸಿ ಬರುತ್ತಿದ್ದರು.

ನಮಗೆ ಮುಳುವಾದದ್ದೂ ಅದೇ. ನೋಂದಣಿ ಕಚೇರಿಯ ನಮೂನೆಯಲ್ಲಿ ಒಂದೇ ಕಲಂ ಇದೆ: ಹಾಜರಾದ ಕುಸಿತಗಳು. ವರ್ಷಕ್ಕೆ ಆರು ಆಗದಿದ್ದರೆ ನೋಂದಣಿ ರದ್ದು. ನಮ್ಮ ಓಣಿಗಳಲ್ಲಿ ಒಂದೂ ಬಿದ್ದಿಲ್ಲ.

ಶ್ರಾವಣದಲ್ಲಿ ಅವರಿಗೆ ಪಕ್ಕದ ಹದ್ದಿನ ಒಂದು ಮನೆಯಲ್ಲಿ ಆ ಸದ್ದು ಕೇಳಿತು. ಅಲ್ಲಿಯ ಕಂಪನಿಗೆ ಹೋಗಿ ಕಂಬ ನಿಲ್ಲಿಸಲು ಅಪ್ಪಣೆ ಕೇಳಿದರು. “ನಿಮ್ಮ ಹದ್ದ ನೋಡ್ಕೋರಿ” ಎಂದು ಕಳಿಸಿದರು. ಒಂಬತ್ತನೆಯ ದಿನ ಅದು ಕುಸಿಯಿತು. ಮೊದಲು ಓಡಿದವರು ಇವರೇ. ಇಬ್ಬರನ್ನು ಹೊತ್ತು ತಂದು ಮತ್ತೆ ಒಳಗೆ ಹೋದಾಗ ಉಳಿದ ಗೋಡೆ ಅವರ ಮೇಲೆ ಬಂತು, ಅವರು ಹೊರಗೆ ಬರಲೇ ಇಲ್ಲ. ನಮ್ಮ ಹದ್ದಲ್ಲವೆಂದು ಆ ಕುಸಿತವನ್ನು ನಮ್ಮ ಕಲಮಿಗೆ ಸೇರಿಸಲಿಲ್ಲ.

ಹೋದ ವಾರ ಅಧಿಕಾರಿ ಕರೆಸಿದರು. “ಏನ್ರೀ ಅಕ್ಕಾರ, ಕೆಲಸಾನ ಇಲ್ಲದ ಕಂಪನಿ ಯಾಕ್ರೀ ನಿಮಗ?” ಅಂದರು. ಆಮೇಲೆ ದನಿ ತಗ್ಗಿಸಿ, “ಹಳೇ ಖಾಲಿ ಗೋದಾಮು ಅದಾವಲ್ಲ, ಒಂದೊಂದು ಕಂಬ ತಗದ್ರ ಆರು ಆಗತಾವು” ಅಂದರು. ಜೊತೆಗೆ ಬಂದಿದ್ದ ನಮ್ಮ ಮೇಸ್ತ್ರಿ ದಾವಲಸಾಬರು ತಲೆಯೆತ್ತಿ ಛಾವಣಿ ನೋಡಿದರು. “ಸಾಹೇಬ್ರ, ನಿಮ್ಮ ಈ ಕಚೇರಿಗೂ ನಾವ ಕಂಬ ಕೊಟ್ಟೀವ್ರಿ. ಇದರಿಂದನ ಶುರು ಮಾಡ್ಲೇನು?”

ಸಾಹೇಬರು ಕುರ್ಚಿಯನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆದುಕೊಂಡರು. ನಾನು ಮಾತು ಕಡಿಮೆಯವಳು. ಇಲ್ಲಿ ಬರೆಯುತ್ತೇನೆ: ತೆಗೆಯುವುದಿಲ್ಲ. ಒಂದನ್ನೂ.

ಈ ನಮೂನೆ ಮೊದಲು ನಿಮ್ಮ ಕಾಲದಲ್ಲೇ ಯಾರದೋ ಮೇಜಿನ ಮೇಲೆ ತಯಾರಾಗಿರಬೇಕು. ಆ ಮೇಜು ನಿಮ್ಮದಾದರೆ, ನಿಂತ ಗೋಡೆಗೂ ಒಂದು ಕಲಂ ಇಡಿ. ಒಂದು ಗೆರೆ ಎಳೆದರೆ ಸಾಕು.

ಇಂದು ಹತ್ತಕ್ಕೆ ಕೊನೆಯ ವಿಚಾರಣೆ. ಹೋಗದಿದ್ದರೆ ನೋಂದಣಿಯಿಂದ ಕಂಪನಿಯ ಹೆಸರು ಹೊಡೆದುಹಾಕುತ್ತಾರೆ. ಬೆಳಿಗ್ಗೆ ಗೋಡೆಗಿವಿ ಹಿಡಿದು ಓಣಿ ಸುತ್ತುವಾಗ ಪಕ್ಕದ ಹದ್ದಿನ ಹಿಟ್ಟಿನ ಗಿರಣಿಯ ಗೋಡೆ ಸದ್ದು ಮಾಡಿತು. ಮೇಲೆ ಒಂಬತ್ತು ಸಂಸಾರಗಳಿವೆ. ಎಲ್ಲರನ್ನೂ ಕೆಳಗಿಳಿಸಿ ಬಂದಿದ್ದೇನೆ. ದಾವಲಸಾಬರು ಗಾಡಿಗೆ ಕಂಬ ಹೇರಿ ಕೂಗುತ್ತಿದ್ದಾರೆ. ನಾನು ಗಿರಣಿಗೆ ಹೊರಟೆ. ಈ ಸಲ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.