ಹಡಗಿಗೆ ಬೇಡದ ಬೋರ್ಡು

ಅಕ್ಕಾ,

ಹೋದ ಸಲ ಹಡಗಿನ ಕೆಲಸಕ್ಕೆ ಹೋದಾಗ ನನ್ನ ಹತ್ತಿರ ಅಡಾಪ್ಟರ್ ಇರಲಿಲ್ಲ. ನೀನು ಕಟ್ಟಿಕೊಟ್ಟ ಎಕ್ಸ್‌ಟೆನ್ಷನ್ ಬೋರ್ಡನ್ನು ಹತ್ತುವಾಗಲೇ ಕಿತ್ತಿಟ್ಟುಕೊಂಡರು. ಬೆಂಕಿಯ ಭಯಕ್ಕೆ ಅದನ್ನು ಒಳಗೆ ಬಿಡುವುದಿಲ್ಲ. ಕ್ಯಾಬಿನ್ನಿನ ಸಾಕೆಟ್ಟಿಗೆ ನಮ್ಮ ಪಿನ್ನು ಕೂರಲಿಲ್ಲ. ಫೋನು ಸತ್ತೇ ಇತ್ತು. "ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದ್ರೂ ಮಹಾರಾಣಿಗೆ ಎತ್ತೋಕೆ ಪುರುಸೊತ್ತಿರಲಿಲ್ಲ" ಅಂತ ನೀನು ಇವತ್ತಿಗೂ ಚುಚ್ಚುತ್ತೀಯ. ಎದುರಿಗೆ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆದೆ.

ನಿನ್ನೆ ನನ್ನ ಬ್ಯಾಗಿಗೆ ಮತ್ತೆ ಬೋರ್ಡು ತುರುಕಿದ್ದೀಯ. ತೆಗೆದು ಟಿವಿ ಹಿಂದೆ ಇಟ್ಟಿದ್ದೇನೆ. ಈ ಸಲ ಎರಡು ಅಡಾಪ್ಟರ್ ಒಯ್ಯುತ್ತಿದ್ದೇನೆ. ಒಂದನ್ನು ಯಾರಾದರೂ ಎತ್ತಿಕೊಂಡರೂ ಇನ್ನೊಂದಿರುತ್ತದೆ.

ಪ್ರತಿ ಭಾನುವಾರ ಲಾಂಡ್ರಿ ಪಾಳಿ ಮುಗಿಸಿ ಫೋನ್ ಮಾಡುತ್ತೇನೆ. ಅಮ್ಮನ ಫೋನನ್ನು ಶನಿವಾರವೇ ಚಾರ್ಜಿಗೆ ಹಾಕು. ಹಾಕಿದ ಮೇಲೆ ಸ್ವಿಚ್ ಒತ್ತು, ನಿನಗೆ ಅದೇ ಮರೆಯುವುದು. ಅಡುಗೆಮನೆಯ ಪ್ಲಗ್ಗು ಸಡಿಲ, ಅಲ್ಲಿ ಬೇಡ.

ನಿನ್ನ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದೇನೆ. ಹುಡುಕಬೇಡ.

ಇದೊಂದು ನಿನಗೆ ಹೇಳಿರಲಿಲ್ಲ. ಬಂದರಿನಲ್ಲಿ ಅಡಾಪ್ಟರ್ ಸಿಕ್ಕಿ ಫೋನು ಆನ್ ಆದಾಗ ಅಪ್ಪನ ಮಿಸ್ಡ್ ಕಾಲ್‌ಗಳನ್ನು ಎಣಿಸಿದೆ. ಅಪ್ಪ ಹೋಗಿ ಆಗಲೇ ಎರಡು ದಿನವಾಗಿತ್ತು. ಕಾಲ್‌ಗಳು ಹದಿನಾಲ್ಕು.