ಹತ್ತು ಮೆಟ್ಟಿನ ರಿಂಗು

ಸಿದ್ದಾಪುರ, ಕೊಡಗು
12 ಫೆಬ್ರವರಿ 2025, ಬುಧವಾರ

ಮುದ್ದಿನ ತೇಜೂ,

ಹೇಗಿದ್ದೀಯ ಕಂದಾ? ಮೊಣಕಾಲಿನ ಊತ ಇಳಿಯಿತೇ? ಅಜ್ಜಿ ಕೊಟ್ಟ ಎಣ್ಣೆಯನ್ನು ಹಚ್ಚುತ್ತಿದ್ದೀಯೋ, ಇಲ್ಲ ಟ್ರಂಕಿನೊಳಗೆ ಪೂಜೆಗೆ ಇಟ್ಟಿದ್ದೀಯೋ? ಹಾಸ್ಟೆಲ್ ಊಟ ಸಪ್ಪೆ ಅಂತ ಅರ್ಧಕ್ಕೇ ಏಳಬೇಡ, ಆಡುವ ಮೈಗೆ ಅನ್ನ ಬೇಕು. ಇಲ್ಲಿ ನಾವೆಲ್ಲ ಸುಖ. ಕಾಫಿ ಒಣಗಿಸಿ ಮುಗಿಯಿತು, ಕಣ ಖಾಲಿ. ಎಸ್ಟೇಟಿನವರು ಮೆಣಸು ಕುಯ್ಯಲು ಬಿದಿರಿನ ಏಣಿಗಳನ್ನು ಹೊರಗೆ ತೆಗೆದಿದ್ದಾರೆ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದನ್ನು ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಇಲ್ಲ. "ಎಸೆದ ಚೆಂಡೆಲ್ಲಾ ರಿಂಗು ಮುಟ್ಟದೆ ಮೋಟು ಬೀಳ್ತಿದೆ ತಾತ, ನಂಗೆ ಬ್ಯಾಸ್ಕೆಟ್‌ಬಾಲ್ ಬರಲ್ಲ, ಬಿಟ್ಟು ಬಂದ್ಬಿಡ್ಲಾ?" ಅಂದೆ. ಆಮೇಲೆ ಮೆಲ್ಲಗೆ, ಹಾಸ್ಟೆಲಿನ ರಿಂಗು ಯಾಕೋ ಎತ್ತರ ಅನ್ನಿಸುತ್ತೆ ಅಂತಲೂ ಅಂದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗದರಿಬಿಟ್ಟೆ. ನೀನು ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಅವತ್ತು ಸಂಜೆ ನಮ್ಮ ಕಣದಲ್ಲಿ ನಡೆದ ಮಹಾಯುದ್ಧದ ಸುದ್ದಿ ಕೇಳು.

ನಿಮ್ಮಪ್ಪ ಮೊಬೈಲಿನಲ್ಲಿ ಅಮೆರಿಕದವರ ಹಳೇ ಆಟಗಳನ್ನು ನೋಡುತ್ತಾ ಕೂತಿದ್ದ. ನೀನು ಆಡುವ ಆ ಸೆಂಟರ್ ಜಾಗದಲ್ಲಿ, ರಿಂಗಿನ ಬುಡದಲ್ಲೇ ಗೋಡೆಯಾಗಿ ನಿಲ್ಲುವವರಲ್ಲಿ, ಇಲ್ಲಿಯವರೆಗೆ ಯಾರು ಮೊದಲು ಯಾರು ಎರಡನೆಯವರು ಅಂತ ಶುರುವಾಯಿತು. ಅವನು ವಿಲ್ಟ್ ಚೇಂಬರ್ಲಿನ್ ಕಡೆ. "ಒಂದೇ ಮ್ಯಾಚಲ್ಲಿ ನೂರು ಪಾಯಿಂಟ್ ಕಣಪ್ಪಾ! ಅರವತ್ತು ವರ್ಷ ಆಯ್ತು, ಇನ್ನೂ ಒಬ್ರೂ ಮುಟ್ಟಿಲ್ಲ!" ಅಂತ ತೊಡೆ ತಟ್ಟಿದ. ನಾನು ಬಿಲ್ ರಸೆಲ್ ಕಡೆ. ಹದಿಮೂರು ವರ್ಷ ಆಡಿ ಹನ್ನೊಂದು ಸಲ ತಂಡವನ್ನು ಗೆಲ್ಲಿಸಿದವನು ದೊಡ್ಡವನೋ, ನೂರು ಹೊಡೆದವನು ದೊಡ್ಡವನೋ? ಎದುರಾಳಿಯ ಚೆಂಡು ತಡೆದಾಗ ಬೇರೆಯವರು ಅದನ್ನು ಬೇಲಿಯಾಚೆ ಬಡಿದು ಮೀಸೆ ತಿರುವುತ್ತಾರೆ. ರಸೆಲ್ ಮೆತ್ತಗೆ ತಟ್ಟಿ ತನ್ನವರ ಕೈಗೇ ಹಾಕುತ್ತಿದ್ದ. ಆಹಾ, ಅದನ್ನು ನೋಡುವಾಗೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಚೇಂಬರ್ಲಿನ್ ಬಗ್ಗೆ ಒಂದು ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಯಾರೂ ಅಡ್ಡ ಬರದೆ ನಿಂತಲ್ಲಿಂದಲೇ ಎಸೆಯುವ ಫ್ರೀ ಥ್ರೋ ಅಂದರೆ ಅವನಿಗೆ ಆಗದು. ನೂರು ಹೊಡೆದ ಆ ವರ್ಷ ಮಾತ್ರ ಎರಡೂ ಕೈಯಲ್ಲಿ ಚೆಂಡು ಹಿಡಿದು, ಮಂಡಿಯ ನಡುವಿನಿಂದ ಮೇಲಕ್ಕೆ ತೂರುತ್ತಿದ್ದ. ಆ ನೂರರ ಆಟದಲ್ಲಿ ಮೂವತ್ತೆರಡಕ್ಕೆ ಇಪ್ಪತ್ತೆಂಟು ಬಿದ್ದವು. ಆಮೇಲೆ, ನೋಡುವವರು ನಗುತ್ತಾರೆ ಅಂತ ನಾಚಿ ಆ ವರಸೆಯನ್ನೇ ಬಿಟ್ಟ. ತಪ್ಪು ಅಂತ ಗೊತ್ತಿದ್ದೂ ಬಿಟ್ಟೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಅಂಥ ಮಲ್ಲನನ್ನೂ ನಾಚಿಕೆ ಕೆಡವಿತು ನೋಡು.

ನಮ್ಮ ಗದ್ದಲ ಕೇಳಿ ಅಜ್ಜಿ ಮೊರ ಹಿಡಿದೇ ಹೊರಗೆ ಬಂದಳು. ಹಕೀಮ್ ಒಲಾಜುವಾನ್ ಕಥೆಯನ್ನು ನಿನ್ನ ಬಾಯಲ್ಲೇ ಕೇಳಿದ್ದಾಳಲ್ಲ, ಅವಳ ತೀರ್ಪು ಒಂದೇ. "ಅವ್ನು ನಮ್ ತೇಜು ವಯಸ್ಸಾಗೋಗಂಟ ಆ ಚೆಂಡು ಮುಟ್ಟೇ ಇರ್ನಿಲ್ವಂತೆ, ಫುಟ್‌ಬಾಲ್ ಆಡ್ಕಂಡಿದ್ನಂತೆ. ತಡವಾಗಿ ಕಲ್ತು ಎಲ್ರನ್ನೂ ಕುಣಿಸ್ದ. ಅವ್ನೇ ಫಸ್ಟು, ಮುಚ್ಕಂಡ್ ಕಾಫಿ ಕುಡೀರಿ." ಅವನ ಕಾಲಿನ ಕೆಲಸ ನೋಡಿದರೆ ಅವಳ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ.

ನಿಮ್ಮಪ್ಪ ಬಿಡುವ ಪೈಕಿಯೇ? ಹಾಗಾದರೆ ಕರೀಮ್ ಅಬ್ದುಲ್ ಜಬ್ಬಾರ್ ಎಲ್ಲಿ ಅಂದ. ತಲೆಯ ಮೇಲಿಂದ ಒಂದೇ ಕೈಯಲ್ಲಿ ಕಮಾನು ಬಿಡುವ ಆ ಹೊಡೆತವನ್ನು ತಡೆಯುವ ಗಂಡಸು ಹುಟ್ಟಿರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಅವನ ಎತ್ತರ ಏಳು ಅಡಿ ಎರಡು ಇಂಚು ಅಂದರೆ ಎಷ್ಟು ಅಂತ ತೋರಿಸುತ್ತೇನೆ ಎಂದು ಮೇಸ್ತ್ರಿಯ ಟೇಪು ತಂದು, ನೀನು ಆಡಿ ಕಲಿತ ರಿಂಗು ಇರುವ ಸಿಲ್ವರ್ ಓಕ್ ಮರದ ಮೇಲೆ ಸುಣ್ಣದಲ್ಲಿ ಗೆರೆ ಎಳೆದ. ನಾನು ಆ ಗೆರೆ ನೋಡಿದೆ, ರಿಂಗು ನೋಡಿದೆ. ನೀನೇ ಗೆದ್ದೆ ಬಿಡಪ್ಪಾ ಎಂದು ಒಳಗೆ ಬಂದುಬಿಟ್ಟೆ. ಅಪ್ಪನನ್ನು ಸೋಲಿಸಿದೆ ಅಂತ ಅವನು ಮೂರು ದಿನದಿಂದ ಎಸ್ಟೇಟಿನ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ.

ಅಜ್ಜಿ ಹುರಿಟ್ಟು ಕಳಿಸುತ್ತಿದ್ದಾಳೆ, ಒಬ್ಬಳೇ ತಿನ್ನದೆ ಜೊತೆಯವರಿಗೂ ಕೊಡು. ನಿಮ್ಮಮ್ಮ ಸ್ವೆಟರ್ ಹಾಕಿಕೊ ಅನ್ನುತ್ತಿದ್ದಾಳೆ. ಕೋಚ್ ಮೇಡಂಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಕೈಗೆ ಬಲ, ಕಾಲಿಗೆ ಚುರುಕು, ಮನಸ್ಸಿಗೆ ಧೈರ್ಯ ಕೊಡಲಿ.

ನಿನ್ನ ತಾತ,
ಪುಟ್ಟಸ್ವಾಮಿ

ಕವರು ಅಂಟಿಸುವ ಮೊದಲು: ಮೇಲೆ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ರಿಂಗು ಹತ್ತು ಅಡಿ ಎತ್ತರ ಇರಬೇಕು, ಅಂದರೆ ಆ ಗೆರೆಯಿಂದ ರಿಂಗಿಗೆ ಮೂವತ್ತನಾಲ್ಕು ಇಂಚು ಇರಬೇಕಿತ್ತು. ಇದ್ದದ್ದು ಇಪ್ಪತ್ತನಾಲ್ಕು. ಏಳು ವರ್ಷದ ಹಿಂದೆ ರಿಂಗು ಕಟ್ಟುವಾಗ ನಾನು ಟೇಪು ಹಿಡಿಯಲಿಲ್ಲ. ತೋಟದಲ್ಲಿ ಎಲ್ಲರೂ ಮರದ ಎತ್ತರವನ್ನು ಮೆಣಸಿನ ಏಣಿಯಲ್ಲೇ ಹೇಳುತ್ತೇವಲ್ಲ, ಒಂದು ಮೆಟ್ಟಿಗೆ ಒಂದು ಅಡಿ ಅಂತ. ಹಾಗೆ ಹತ್ತು ಮೆಟ್ಟು ಎಣಿಸಿ ಹತ್ತು ಅಡಿ ಅಂದೆ. ಸೋಮವಾರ ಆ ಏಣಿಯನ್ನು ಅಳೆದೆ, ಮೆಟ್ಟಿಗೆ ಹನ್ನೊಂದೇ ಇಂಚು. ನಲವತ್ತು ವರ್ಷ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿ ಒಂದು ಅಳತೆ ತಪ್ಪಿಲ್ಲ ಅಂತ ಮೆರೆದವನು, ಮೊಮ್ಮಗಳ ರಿಂಗನ್ನು ಹತ್ತು ಇಂಚು ಕೆಳಗೆ ಕಟ್ಟಿದೆ. ನೆಲ ನಿಜವಾಗಿಯೂ ಡೊಂಕಿತ್ತು ಕಂದಾ, ಡೊಂಕು ಮಾಡಿದವನು ನಾನು. ಬೈದದ್ದಕ್ಕೆ ನನ್ನನ್ನು ಕ್ಷಮಿಸು.

ನಿನ್ನ ಕೈ ಕೆಟ್ಟಿಲ್ಲ, ನಾನು ಕಲಿಸಿದ ಎತ್ತರಕ್ಕೆ ಸರಿಯಾಗಿ ಎಸೆಯುತ್ತಿದೆ, ಅಷ್ಟೆ. ರಜಕ್ಕೆ ಬಾ, ಬಿಟ್ಟು ಬರಬೇಡ. ಇವತ್ತು ಬೆಳಿಗ್ಗೆ ಟೇಪು ಹಿಡಿದೇ ರಿಂಗನ್ನು ಮೇಲೆ ಕಟ್ಟಿಸಿ, ಮೊದಲ ಚೆಂಡು ನಾನೇ ಎಸೆದೆ. ಮೋಟು ಬಿತ್ತು. ಅಜ್ಜಿ ನಕ್ಕಳು. ನಗಲಿ, ನಾಳೆ ಮತ್ತೆ ಎಸೆಯುತ್ತೇನೆ. ಅಲ್ಲಿ ನೀನೂ ಎಸೆ.