ಬಿದ್ದ ಜಾಗ

ಕಲ್ಯಾಣದುರ್ಗ
20-8-2006

ಹರಿತಾ ಕೂಸೇ,

ಫೋನ್‌ನಾಗೆ ಮಾತಾಡಿದ್ರೆ ಅಳು ಬಂದ್ಬುಡ್ತದೆ, ಅದಕ್ಕೇ ಈ ಕಾಗದ ಕಣಮ್ಮ.

ಬ್ಯಾಸಿಗೇಲಿ ಹಿಂದೂಪುರಕ್ಕೆ ಬಂದಿದ್ದಾಗ, ನಿನ್ನ ಕಂಪ್ಯೂಟರ್ ಆಟ ನೋಡಿ ಬೈದಿದ್ದೆ, ಗ್ಯಾನ ಐತಾ? ಆಟದಾಗೆ ಒಬ್ಬ ರಾಕ್ಷಸನ ಕೈಲಿ ನೀನು ನಲವತ್ತು ಸಲ ಸತ್ತೆ. ಸಿಟ್ಟಿಗೆ ಕೀಬೋರ್ಡ್ ಕುಟ್ಟಿದೆ, ಊಟ ಬಿಟ್ಟೆ. ಸತ್ತಾಗೆಲ್ಲ ನಿನ್ನ ಕತ್ತಿ, ಗುರಾಣಿ ಬಿದ್ದ ಜಾಗದಾಗೇ ಉಳೀತಿದ್ವು. ನೀನು ಬರಿಗೈಲಿ ಅಲ್ಲಿಗೇ ಹೋಗಿ ಎತ್ಕೋಬೇಕಿತ್ತು. "ಇದೇನು ಕರ್ಮನೇ" ಅಂದ್ರೆ, "ಇನ್ನೊಂದೇ ಸಲ ಅಜ್ಜಿ" ಅಂತ ನಗ್ತಿದ್ದೆ.

ನಾನು ಬಚ್ಚಲ ಹೊಸ್ತಿಲಾಗೆ ಬಿದ್ದು ಸೊಂಟ ಮುರ್ಕೊಂಡು ಎರಡು ತಿಂಗಳಾಯ್ತು. ಡಾಕ್ಟರು ನಡೀಬೇಕು ಅಂತಾರೆ. ನಿನ್ನೆ ಗೋಡೆ ಹಿಡ್ಕೊಂಡು ನಾಕು ಹೆಜ್ಜೆ ಇಟ್ಟು ಕುಂತ್ಬುಟ್ಟೆ. ಇವತ್ತು ಐದು. ಬಚ್ಚಲು ಇನ್ನೂ ದೂರ ಐತೆ.

ನಿನ್ನಿಂದ ಒಂದು ಕೆಲ್ಸ ಆಗ್ಬೇಕು. ಬಿದ್ದಾಗ ನನ್ನ ಕೈಲಿದ್ದ ತಾಮ್ರದ ಚೊಂಬನ್ನ ನಿಮ್ಮ ದೊಡ್ಡಮ್ಮ ರಮಾದೇವಿ ಎತ್ತಿ ತಂದು ಮಂಚದ ತಾವ ಇಟ್ಟವಳೆ. "ತಿರುಗಿ ಹೊಸ್ತಿಲ ತಾವ್ಲೇ ಇಡಮ್ಮ, ನಾನೇ ಹೋಗಿ ತತ್ತೀನಿ" ಅಂದ್ರೆ, ಅತ್ತೆಗೆ ಅರಳುಮರಳು ಅಂತಾಳೆ. ನೀನೇ ಫೋನ್ ಮಾಡಿ ಹೇಳು. ಆಟದ ರೂಲ್ಸು ಅವಳಿಗೆ ಗೊತ್ತಿಲ್ಲ.

ನಿನ್ನ ಅಜ್ಜಿ,
ರಾಮಾಂಜಿನಮ್ಮ